ಹುಳು ಗೆದ್ದ ಕೊಳ, ಹುಳು ಸೋತ ಕೆರೆ

ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ 1983–84ರ ಹೊತ್ತಿಗೆ ಒಂದು ಸಣ್ಣ ಪ್ರಯೋಗ ನಡೆಯಿತು. ಕೊಳದ ತುಂಬ ಸಾಲ್ವಿನಿಯಾ ಅನ್ನುವ ತೇಲುವ ಜರೀಗಿಡ ಹರಡಿಕೊಂಡಿತ್ತು. ನೈದಿಲೆಗೆ ಎಲೆ ಬಿಚ್ಚಲು ಜಾಗ ಇರಲಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೀಟವಿಜ್ಞಾನಿ ಕೆ.ಪಿ. ಜಯಂತ್ ಆ ಗಿಡಗಳ ಮೇಲೆ ಎರಡು ಮಿಲಿಮೀಟರ್ ಉದ್ದದ ಕಪ್ಪು ಮೂತಿ ಹುಳುಗಳನ್ನು ಬಿಟ್ಟರು. ಹುಳು ಆಸ್ಟ್ರೇಲಿಯಾದಿಂದ ತರಿಸಿದ್ದು. 11 ತಿಂಗಳೊಳಗೆ ಸಾಲ್ವಿನಿಯಾ ಕುಸಿದುಬಿತ್ತು. ನೈದಿಲೆ ಮತ್ತೆ ಚಿಗುರಿತು.

ಅದೇ ಊರು, ಹೆಚ್ಚುಕಡಿಮೆ ಅದೇ ವರ್ಷಗಳು. ಇನ್ನೊಂದು ಜಾತಿಯ ಮೂತಿ ಹುಳುವನ್ನು ಅಂತರಗಂಗೆಯ ಮೇಲೂ ಬಿಟ್ಟರು. ನಾನು ಹೇಳುತ್ತಿರುವುದು ನೇರಳೆ ಹೂ ಬಿಡುವ, ಉಬ್ಬಿದ ದಂಟಿನ ವಾಟರ್ ಹಯಸಿಂತ್ ಬಗ್ಗೆ. ನಮ್ಮ ಕಡೆ ಅದನ್ನೂ ಅಂತರಗಂಗೆ ಅಂತಲೇ ಕರೆಯುವುದು. ಅದಾಗಿ ನಾಲ್ಕು ದಶಕ ಕಳೆಯಿತು. ನಮ್ಮ ಬಡಾವಣೆಯ ಕೆರೆಯಲ್ಲಿ ಆ ಹುಳು ಈಗಲೂ ಇದೆ. ಅಂತರಗಂಗೆಯೂ ಇದೆ, ಈ ದಡದಿಂದ ಆ ದಡದವರೆಗೆ.

ಒಂದು ಕಡೆ ಗೆದ್ದ ಉಪಾಯ ಇನ್ನೊಂದು ಕಡೆ ಯಾಕೆ ಒದ್ದಾಡುತ್ತಿದೆ? ಕೆರೆಯ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಬೇಸಿಗೆಗೂ "ಯಾವಾಗ ಕ್ಲೀನ್ ಮಾಡ್ತಾರೆ?" ಅನ್ನುವ ಪ್ರಶ್ನೆ ಬರುತ್ತದೆ. ನನ್ನ ತಲೆ ಕೊರೆಯುವುದು ಮಾತ್ರ ಈ ಮೊದಲನೇ ಪ್ರಶ್ನೆ.

ಸಾಲ್ವಿನಿಯಾ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಅದರಲ್ಲಿ ಪತ್ತೇದಾರಿ ಕಥೆಯ ರುಚಿ ಇದೆ.

ಈ ಗಿಡಕ್ಕೆ ಹೂವಿಲ್ಲ, ಬೀಜವೂ ಇಲ್ಲ. ಜರೀಗಿಡ ಅಂದಮೇಲೆ ಬೀಜಕಗಳಿಂದ (ಸ್ಪೋರ್) ಮರಿ ಹುಟ್ಟಬೇಕು. ಆದರೆ ಇದು ಮಿಶ್ರತಳಿ, ಬೀಜಕಗಳು ಮೊಳೆಯುವುದಿಲ್ಲ. ತುಂಡಾಗುವುದೊಂದೇ ಇದಕ್ಕೆ ಹರಡುವ ದಾರಿ. ಒಂದು ಗೆಣ್ಣು ಉಳಿದರೂ ಸಾಕು, ಅದು ಹೊಸ ಗಿಡ. ಎಲೆಯ ಮೇಲೆಲ್ಲ ಸಣ್ಣ ಕೂದಲು. ಭೂತಗನ್ನಡಿ ಹಿಡಿದು ನೋಡಿದರೆ ಒಂದೊಂದು ಕೂದಲ ತುದಿಯೂ ಕಡಗೋಲಿನ ತಲೆಯ ಹಾಗೆ ಕಾಣುತ್ತದೆ. ನಾಲ್ಕು ಎಳೆ ಕವಲೊಡೆದು, ತುದಿಯಲ್ಲಿ ಮತ್ತೆ ಕೂಡಿಕೊಂಡಿರುತ್ತವೆ. ಈ ಏರ್ಪಾಡಿನಿಂದ ಎಲೆಗೆ ನೀರು ತಾಗುವುದೇ ಇಲ್ಲ. ಅದುಮಿ ಮುಳುಗಿಸಿ ಬಿಟ್ಟರೂ ಒಣ ಮೈಯಲ್ಲೇ ಮೇಲೆ ಬರುತ್ತದೆ. ಕಳೆನಾಶಕ ಹೊಡೆದರೆ ಅದೂ ಜಾರಿ ಹೋಗುತ್ತದೆ, ಅಂಟಿಸಲು ಬೇರೆ ದ್ರಾವಣ ಬೆರೆಸಬೇಕು. ಕೆಳಗೆ ನೀರಿನಲ್ಲಿ ಇಳಿಬಿದ್ದಿರುವುದು ಬೇರು ಅಂತ ನಮಗನ್ನಿಸುತ್ತದೆ. ಅದೂ ಎಲೆಯೇ. ಬೇರಿನ ಕೆಲಸ ವಹಿಸಿಕೊಂಡ ಎಲೆ.

ಹುಟ್ಟೂರು ಬ್ರೆಜಿಲ್‌ನ ಆಗ್ನೇಯ ಭಾಗ. ಅಲ್ಲಿಂದ ಸಸ್ಯೋದ್ಯಾನ, ಅಕ್ವೇರಿಯಂ, ಕಾಲೇಜು ಪ್ರಯೋಗಾಲಯಗಳ ಮೂಲಕ ಹೊರಟಿತು. 1939ರಲ್ಲಿ ಕೊಲಂಬೊಗೆ ಪಾಠಕ್ಕೆಂದು ತಂದದ್ದು ಶ್ರೀಲಂಕಾದ ಗದ್ದೆ, ಕಾಲುವೆಗಳಿಗೆ ಇಳಿಯಿತು. 1950ರ ದಶಕದಲ್ಲಿ ಕೇರಳಕ್ಕೂ ಬಂತು. ಅಲ್ಲಿನವರು 'ಆಫ್ರಿಕನ್ ಪಾಯಲ್' ಅಂತ ಕರೆದರು. ಕುಟ್ಟನಾಡಿನ ಕಾಲುವೆಗಳಲ್ಲಿ ದೋಣಿ ಮುಂದೆ ಹೋಗದಾಯಿತು, ಗದ್ದೆ ನಾಟಿಗೆ ಮೊದಲು ಇದನ್ನು ಎತ್ತಿ ಹಾಕುವುದೇ ಒಂದು ಖರ್ಚಾಯಿತು. ಆಫ್ರಿಕಾದಲ್ಲಿ ಜಾಂಬೆಜಿ ನದಿಗೆ ಕರೀಬಾ ಅಣೆಕಟ್ಟು ಕಟ್ಟಿ 1958ರ ಕೊನೆಯಲ್ಲಿ ನೀರು ನಿಲ್ಲಿಸಿದರು. 1962ರ ಹೊತ್ತಿಗೆ ಸುಮಾರು 1,000 ಚದರ ಕಿಲೋಮೀಟರ್ ನೀರಿನ ಮೇಲೆ ಸಾಲ್ವಿನಿಯಾ. ಬೆಂಗಳೂರಿನಷ್ಟು ದೊಡ್ಡ ಹಸಿರು ಚಾಪೆ, ಯೋಚಿಸಿ.

ಕರೀಬಾದ ವಿಷಯದಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹೊಸದಾಗಿ ಮುಳುಗಿದ ನೆಲದಿಂದ ನೀರಿಗೆ ಸಾರ ಇಳಿಯುತ್ತಿದ್ದಷ್ಟು ದಿನ ಕಳೆ ಉಬ್ಬಿತು. ಆ ಸಾರ ತೀರುತ್ತ ಬಂದಂತೆ ಕಳೆಯೂ ತಗ್ಗಿತು.

ಇದನ್ನು ಹುಳುವಿನಿಂದ ಹತೋಟಿಗೆ ತರಬಹುದು ಅನ್ನುವ ಯೋಚನೆ ಬೇಗನೇ ಬಂದಿತ್ತು. ಗಿಡದ ತವರಿಗೆ ಹೋಗಬೇಕು, ಅಲ್ಲಿ ಅದನ್ನೇ ತಿಂದು ಬದುಕುವ ಹುಳುವನ್ನು ಹುಡುಕಬೇಕು, ಅದು ಬೇರೆ ಗಿಡ ಮುಟ್ಟುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು ತಂದು ಬಿಡಬೇಕು. ಹಾಗೇ ಮಾಡಿದರು. ಆದರೆ ಗಿಡದ ಗುರುತೇ ತಪ್ಪಾಗಿತ್ತು. ಬಹಳ ಕಾಲ ಇದನ್ನು ಸಾಲ್ವಿನಿಯಾ ಆರಿಕ್ಯುಲೇಟ ಅಂದುಕೊಂಡಿದ್ದರು. ಆ ಗಿಡದ ಮೇಲಿದ್ದ ಮೂತಿ ಹುಳುವನ್ನು ಟ್ರಿನಿಡಾಡ್‌ನಿಂದ ಹಿಡಿದು ತಂದು ಬಿಟ್ಟರು. ಹುಳು ಬದುಕಿತು, ಆದರೆ ಕಳೆಗೆ ಏನೂ ಆಗಲಿಲ್ಲ. 1972ರಲ್ಲಿ ಸಸ್ಯವಿಜ್ಞಾನಿ ಡಿ.ಎಸ್. ಮಿಚೆಲ್ ಇದು ಬೇರೆಯೇ ಜಾತಿ ಅಂತ ತೋರಿಸಿ 'ಸಾಲ್ವಿನಿಯಾ ಮೊಲೆಸ್ಟ' ಅಂತ ಹೆಸರಿಟ್ಟರು. ಅದರ ನಿಜವಾದ ತವರು ಎಲ್ಲಿ ಅಂತ ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒದ ತಂಡ ಬ್ರೆಜಿಲ್‌ನಲ್ಲಿ ಪತ್ತೆ ಮಾಡಿದ್ದು 1978ರಲ್ಲಿ. ಅಲ್ಲಿನ ಗಿಡದ ಮೇಲೂ ಒಂದು ಮೂತಿ ಹುಳು ಇತ್ತು. ನೋಡಲು ಥೇಟ್ ಹಳೆಯದೇ. ತಂದು ಬಿಟ್ಟ ಮೇಲೆ ಗೊತ್ತಾಯಿತು, ಇದರ ಕೆಲಸವೇ ಬೇರೆ. ಮರಿ ಹುಳು ಗಿಡದ ಕಾಂಡದೊಳಗೆ ಕೊರೆದುಕೊಂಡು ಹೋಗುತ್ತದೆ, ದೊಡ್ಡದು ಮೊಗ್ಗುಗಳನ್ನೇ ತಿನ್ನುತ್ತದೆ. ಬೀಜ ಇಲ್ಲದ ಗಿಡಕ್ಕೆ ಮೊಗ್ಗು ಹೋದರೆ ಮುಗಿಯಿತು. ಈ ಹುಳುವೂ ಹೊಸ ಜಾತಿ ಅಂತ 1985ರಲ್ಲಿ ಹೆಸರು ಬಂತು. ಅಂದರೆ ಹೆಸರು ಸಿಗುವ ಮೊದಲೇ ಅದು ಕೆಲಸ ಮುಗಿಸಿ ಪ್ರಸಿದ್ಧಿಯಾಗಿತ್ತು.

ಆ ಪ್ರಸಿದ್ಧಿ ಬಂದದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮೂನ್‌ಡಾರಾ ಕೆರೆಯಲ್ಲಿ. 1980ರ ಜೂನ್‌ನಲ್ಲಿ ಹುಳು ಬಿಟ್ಟರು. ಕಳೆ ಸುಮಾರು 200 ಹೆಕ್ಟೇರ್ ಹರಡಿತ್ತು, ತೂಕ 18,000 ಟನ್ ಅಂತ ಲೆಕ್ಕ. ಮುಂದಿನ ವರ್ಷದ ಆಗಸ್ಟ್ ಹೊತ್ತಿಗೆ ಅದು ಹೆಚ್ಚುಕಡಿಮೆ ಇಲ್ಲವಾಗಿತ್ತು. ಬೆಂಗಳೂರಿನ ಕೊಳಕ್ಕೆ ಬಂದ ಹುಳು ಇದೇ. ಇಲ್ಲಿಂದ ಕೇರಳಕ್ಕೆ ಹೋಯಿತು, ಅಲ್ಲಿನ ಕೃಷಿ ವಿಶ್ವವಿದ್ಯಾಲಯದವರು ಸಾಕಿ ಹಂಚಿದರು. ಕೆಲವೇ ವರ್ಷಗಳಲ್ಲಿ ಕುಟ್ಟನಾಡಿನ ಕಾಲುವೆಗಳು ಬಹುಮಟ್ಟಿಗೆ ತೆರವಾದವು. ಈಚೆಗೆ ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯ ಮಧ್ಯಪ್ರದೇಶದ ಸಾರಣಿಯಲ್ಲಿ ವಿದ್ಯುತ್ ಸ್ಥಾವರದ ಜಲಾಶಯಕ್ಕೂ ಇದನ್ನೇ ಬಿಟ್ಟಿತು. ಅಲ್ಲೂ ಫಲ ಸಿಕ್ಕಿತು.

ಪಪುವಾ ನ್ಯೂ ಗಿನಿಯ ಸೆಪಿಕ್ ನದಿಯ ಕಥೆ ಇದಕ್ಕಿಂತ ಸ್ವಾರಸ್ಯ. ಅಲ್ಲಿ ಸಾಲ್ವಿನಿಯಾ ಸುಮಾರು 250 ಚದರ ಕಿಲೋಮೀಟರ್ ಮುಚ್ಚಿತ್ತು. ಜನಕ್ಕೆ ದೋಣಿಯೇ ದಾರಿ. ಮೀನಿಗೆ, ಸಾಗೋ ಹಿಟ್ಟಿಗೆ, ಆಸ್ಪತ್ರೆಗೆ ಎಲ್ಲದಕ್ಕೂ. ಆ ದಾರಿ ಕಟ್ಟಿಹೋಗಿ ಕೆಲವು ಹಳ್ಳಿಗಳ ಜನ ಊರನ್ನೇ ಬಿಟ್ಟರು. ಅಲ್ಲಿಗೆ ಹುಳು ತಂದು ಬಿಟ್ಟರೆ ಅದು ಬೇರೂರಲಿಲ್ಲ. ಯಾಕಪ್ಪಾ ಅಂದರೆ, ಆ ನೀರಿನಲ್ಲಿ ಸಾರಜನಕ ಕಡಿಮೆ. ಗಿಡದಲ್ಲಿ ಸತ್ವ ಇಲ್ಲ. ಅದನ್ನು ತಿಂದ ಹುಳುವಿಗೆ ಮೊಟ್ಟೆಯಿಡಲು ಶಕ್ತಿ ಸಾಲದು. ವಿಜ್ಞಾನಿಗಳು ಏನು ಮಾಡಿದರು ಗೊತ್ತಾ? ಒಂದಿಷ್ಟು ಕಳೆಗೆ ಯೂರಿಯಾ ಹಾಕಿದರು! ಕಳೆ ಕೊಬ್ಬಿತು, ಅದನ್ನು ತಿಂದು ಹುಳು ಕೊಬ್ಬಿತು, ಅಲ್ಲಿಂದ ಮುಂದೆ ತಾನಾಗಿಯೇ ಹರಡಿ ನದಿಯನ್ನು ಬಿಡಿಸಿಕೊಟ್ಟಿತು. ಕಳೆಗೆ ಗೊಬ್ಬರ ಹಾಕಿ ಕಳೆ ಕೊಂದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಈಗ ನಮ್ಮ ಕೆರೆಗೆ ಬರೋಣ. ಇಲ್ಲಿ ಯೂರಿಯಾ ಹಾಕುವ ಅಗತ್ಯ ಇಲ್ಲ. ಊರಿನ ಕೊಳಚೆ ಹೊತ್ತು ತರುವ ರಾಜಕಾಲುವೆ ಆ ಕೆಲಸವನ್ನು ಹಗಲೂ ರಾತ್ರಿ ಮಾಡುತ್ತಿದೆ.

ಹಾಗಾದರೆ ಹುಳು ಇನ್ನೂ ಚೆನ್ನಾಗಿ ಕೊಬ್ಬಬೇಕಲ್ವಾ? ಕೊಬ್ಬುತ್ತದೆ. ಅಂತರಗಂಗೆಯ ಒಂದು ಗಿಡವನ್ನು ದಡದಿಂದ ಎಳೆದುಕೊಂಡು ನೋಡಿ. (ಕೈಗವಸು ಹಾಕಿಕೊಳ್ಳಿ, ಆ ನೀರು ಅಂಥದ್ದು.) ಎಲೆಯ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ, ಮಾಸಲು ಬಣ್ಣದ ಚುಕ್ಕೆಗಳು ಕಾಣುತ್ತವೆ. ಬೆರಳಾಡಿಸಿದರೆ ತಗ್ಗು ಗೊತ್ತಾಗುತ್ತದೆ. ಎಲೆಯ ಮೇಲ್ಸಿಪ್ಪೆಯನ್ನು ಕೆರೆದು ತಿಂದ ಗುರುತು ಅದು. ತಿಂದ ಹುಳು ಹಗಲಲ್ಲಿ ಕಣ್ಣಿಗೆ ಬೀಳುವುದಿಲ್ಲ. ನಡುವಿನ ಎಳೆ ಎಲೆ ಇನ್ನೂ ಸುರುಳಿ ಬಿಚ್ಚದೆ ನಿಂತಿರುತ್ತದಲ್ಲ, ಅದರ ಬುಡ ಬಿಡಿಸಿದರೆ ಅರ್ಧ ಸೆಂಟಿಮೀಟರ್ ಉದ್ದದ ಬೂದುಗಂದು ಹುಳು ಕಾಲು ಮಡಚಿ ಸತ್ತಂತೆ ಬಿದ್ದುಕೊಂಡಿರುತ್ತದೆ. ದಂಟನ್ನು ಉದ್ದಕ್ಕೆ ಸೀಳಿದರೆ ಒಳಗೆಲ್ಲ ಗಾಳಿ ತುಂಬಿದ ಬಿಳಿ ತಿರುಳು. ಅದರ ನಡುವೆ ಕಂದು ಬಣ್ಣದ ಒಂದು ದಾರಿ ಬುಡದ ಕಡೆಗೆ ಇಳಿದಿದ್ದರೆ ಅದು ಮರಿ ಹುಳು ಕೊರೆದದ್ದು. ಮರಿ ಬೆಳೆದ ಮೇಲೆ ಬೇರಿಗೆ ಇಳಿದು, ಬೇರಿನ ಎಳೆಗಳನ್ನೇ ಸುತ್ತಿಕೊಂಡು, ನೀರೊಳಗೇ ಕೋಶ ಕಟ್ಟುತ್ತದೆ. ಮೊಟ್ಟೆಯಿಂದ ಹೊಸ ಹುಳು ಬರುವಷ್ಟರಲ್ಲಿ ಎರಡು ಮೂರು ತಿಂಗಳು ಬೇಕು.

ಗಿಡಕ್ಕೆ? ಬೆಚ್ಚಗಿನ, ಸಾರ ತುಂಬಿದ ನೀರಿನಲ್ಲಿ ಅಂತರಗಂಗೆ ಒಂದೆರಡು ವಾರದಲ್ಲಿ ಇಮ್ಮಡಿಯಾಗುತ್ತದೆ. ಒಂದು ಎಲೆ ತಿಂದರೆ ಎರಡು ಎಲೆ ಬಿಡುತ್ತದೆ. ಸಾಲದ್ದಕ್ಕೆ ಇದಕ್ಕೆ ಬೀಜವೂ ಇದೆ. ಹೂ ಬಾಡಿದ ಮೇಲೆ ಹೂದಂಟು ಬಾಗಿ ನೀರೊಳಗೆ ಇಳಿಯುತ್ತದೆ, ಬೀಜ ಹೂಳಿಗೆ ಬೀಳುತ್ತದೆ. ಅಲ್ಲಿ 20 ವರ್ಷದವರೆಗೂ ಜೀವ ಹಿಡಿದುಕೊಂಡಿರಬಲ್ಲದು. ಸಾಲ್ವಿನಿಯಾಕ್ಕೆ ಈ ಉಳಿತಾಯ ಖಾತೆ ಇರಲಿಲ್ಲ.

ಇಷ್ಟಾದರೂ ಹುಳುವನ್ನು ಸೋತದ್ದು ಅನ್ನಲು ನನಗೆ ಪೂರ್ತಿ ಮನಸ್ಸಿಲ್ಲ. ತಲೆಬರಹದಲ್ಲಿ ಬರೆದುಬಿಟ್ಟಿದ್ದೇನೆ, ಇರಲಿ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಕೆಲವು ಕೆರೆಗಳಲ್ಲಿ ಇದೇ ಹುಳು ಕೆಲವೇ ವರ್ಷಗಳಲ್ಲಿ ಅಂತರಗಂಗೆಯನ್ನು ಚೆನ್ನಾಗಿ ತಗ್ಗಿಸಿತ್ತು. ಜಯಂತ್ ಅವರ ಪ್ರಬಂಧಗಳಲ್ಲಿ ಅದು ದಾಖಲಾಗಿದೆ. ವಿಕ್ಟೋರಿಯಾ ಸರೋವರದಲ್ಲಿ 1990ರ ದಶಕದ ಕೊನೆಗೆ ಕಳೆ ಕುಸಿದದ್ದರಲ್ಲೂ ಈ ಹುಳುಗಳ ಪಾಲು ದೊಡ್ಡದು ಅನ್ನುತ್ತಾರೆ. ಆ ವರ್ಷಗಳ ಎಲ್ ನಿನೋ ಮಳೆ, ಅಲೆಗಳಿಗೂ ಪಾಲಿದೆ ಅಂತ ವಾದಿಸುವವರಿದ್ದಾರೆ. ಹುಳುವಿನ ಸ್ವಭಾವ ಆಗಿನಿಂದ ಬದಲಾಗಿಲ್ಲ. ನಮ್ಮ ನೀರು ಬದಲಾಯಿತು. 1981ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 29 ಲಕ್ಷ. 2011ಕ್ಕೆ 85 ಲಕ್ಷ. ಅಷ್ಟು ಜನರ ಸ್ನಾನ, ಬಟ್ಟೆ, ಪಾತ್ರೆ, ಪಾಯಿಖಾನೆಯ ನೀರಿನಲ್ಲಿ ಒಂದು ದೊಡ್ಡ ಪಾಲು ಇಳಿಜಾರು ಹಿಡಿದು ಕೆರೆಗೇ ಬಂತು. ಹೋಗಲು ಬೇರೆ ಜಾಗ ಎಲ್ಲಿದೆ? ಕರೀಬಾದಲ್ಲಿ ಸಾರ ತೀರುತ್ತ ಬಂತು, ಕಳೆ ತಗ್ಗಿತು. ಇಲ್ಲಿ ಸಾರ ತೀರುವುದೇ ಇಲ್ಲ.

ಕೊಳಚೆ ಶುದ್ಧೀಕರಣ ಘಟಕ (ಎಸ್‌ಟಿಪಿ) ಕಟ್ಟಿದರೆ ಆಯಿತಲ್ಲ ಅಂತ ಜನ ಕೇಳುತ್ತಾರೆ. ಕಟ್ಟಲೇಬೇಕು. ಆದರೆ ಸಾಮಾನ್ಯ ಎಸ್‌ಟಿಪಿ ನೋಡಿಕೊಳ್ಳುವುದು ಮುಖ್ಯವಾಗಿ ಕೊಳೆತು ನಾರುವ ಅಂಶವನ್ನು. ಸಾರಜನಕ, ರಂಜಕ ತೆಗೆಯಲು ಅದಕ್ಕೆಂದೇ ಬೇರೆ ವ್ಯವಸ್ಥೆ ಬೇಕು. ಅದಿಲ್ಲದಿದ್ದರೆ ಹೊರಬರುವ ನೀರು ಕಣ್ಣಿಗೆ ತಿಳಿಯಾಗಿ ಕಾಣುತ್ತದೆ, ವಾಸನೆಯೂ ಇರುವುದಿಲ್ಲ. ಅಂತರಗಂಗೆಗೆ ಮಾತ್ರ ಒಳ್ಳೇ ಊಟ.

ಜಕ್ಕೂರು ಕೆರೆಯಲ್ಲಿ ಮಾಡಿದ ಏರ್ಪಾಡು ನನಗೆ ಇದಕ್ಕೇ ಇಷ್ಟ. ಅಲ್ಲಿ ಎಸ್‌ಟಿಪಿ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ನಡುವೆ ಒಂದು ಜೌಗು ಮಾಡಿದ್ದಾರೆ. ಜೊಂಡು, ಅಂತರಗಂಗೆ ಎಲ್ಲ ಅಲ್ಲಿ ಬೆಳೆದು ಸಾರ ಹೀರುತ್ತವೆ, ಮಿಕ್ಕ ನೀರು ಕೆರೆಗೆ ಹೋಗುತ್ತದೆ. ಅಮೆರಿಕದಲ್ಲಿ ನಾಸಾದವರೂ 1970ರ ದಶಕದಲ್ಲಿ ಮಿಸಿಸಿಪಿಯಲ್ಲಿ ಇದೇ ಗಿಡ ಬೆಳೆಸಿ ಕೊಳಚೆ ಶುದ್ಧ ಮಾಡಿದ್ದರು. ಆದರೆ ಒಂದು ಷರತ್ತು. ಬೆಳೆದದ್ದನ್ನು ಆಗಾಗ ಕೊಯ್ದು ಹೊರಗೆ ಸಾಗಿಸಲೇಬೇಕು. ಅಲ್ಲೇ ಬಿಟ್ಟರೆ ಗಿಡ ಕೊಳೆತು, ಹೀರಿದ್ದನ್ನೆಲ್ಲ ನೀರಿಗೇ ವಾಪಸ್ ಕೊಡುತ್ತದೆ. ಕಟ್ಟಿದ್ದು ಸುದ್ದಿಯಾಗುತ್ತದೆ, ಕೊಯ್ಯುವ ದಿನಗೂಲಿ ಬಜೆಟ್‌ನಲ್ಲಿ ಇರುವುದಿಲ್ಲ. ಎಷ್ಟೋ ಜೌಗುಗಳ ಕಥೆ ಇದೇ.

ಯಂತ್ರದ ಲೆಕ್ಕಕ್ಕೆ ಬರುತ್ತೇನೆ. ದಟ್ಟವಾಗಿ ಬೆಳೆದ ಅಂತರಗಂಗೆ ಹೆಕ್ಟೇರಿಗೆ 300 ಟನ್ ತೂಗಬಹುದು. ಅಂದರೆ ಎಕರೆಗೆ ಸುಮಾರು 120 ಟನ್. ಟ್ರ್ಯಾಕ್ಟರ್ ಟ್ರೇಲರಿಗೆ ನಾಲ್ಕು ಟನ್ ಅಂತ ಇಟ್ಟುಕೊಂಡರೆ ಎಕರೆಗೆ 30 ಲೋಡ್. 20 ಎಕರೆಯ ಸಣ್ಣ ಕೆರೆಗೆ 600 ಲೋಡ್. ಅದರಲ್ಲಿ ನೂರಕ್ಕೆ 95 ಪಾಲು ಬರೀ ನೀರು. ಡೀಸೆಲ್ ಸುಟ್ಟು ನಾವು ಸಾಗಿಸುವುದು ಬಹುಪಾಲು ನೀರನ್ನೇ.

ಇನ್ನೊಂದು ಲೆಕ್ಕ ಇದೆ, ಅದು ಇನ್ನೂ ಬೇಸರದ್ದು. ಎರಡು ವಾರಕ್ಕೆ ಇಮ್ಮಡಿಯಾಗುವ ಗಿಡ ಅಂದಮೇಲೆ, ಅರ್ಧ ಕೆರೆ ತೆಗೆದು ನಿಲ್ಲಿಸಿದರೆ ನೀವು ಗಳಿಸಿದ್ದು ಎರಡು ವಾರ. ಮುಕ್ಕಾಲು ತೆಗೆದರೆ ನಾಲ್ಕು ವಾರ. ಹಬ್ಬಕ್ಕೆ, ಗಣಪತಿ ಬಿಡುವುದಕ್ಕೆ, ಯಾರೋ ದೊಡ್ಡವರು ಬರುವುದಕ್ಕೆ ತೆರೆದ ನೀರು ಕಾಣಿಸಬೇಕೆಂದರೆ ಅಷ್ಟು ಸಾಕು. ಕೆರೆಗೆ ಸಾಲದು.

ತೆಗೆದದ್ದನ್ನು ಎಲ್ಲಿ ಹಾಕುತ್ತಾರೆ? ಬಹಳ ಸಲ ಏರಿಯ ಮೇಲೇ, ಇಲ್ಲ ಕೆರೆಯ ಮೂಲೆಯಲ್ಲಿ ರಾಶಿ. ಸಾಗಣೆ ಖರ್ಚು ಉಳಿಯಿತು ಅಂತ. ರಾಶಿಯ ಬುಡದಿಂದ ಕಪ್ಪು ರಸ ಸೋರಿ ಮತ್ತೆ ಕೆರೆಗೇ ಹೋಗುತ್ತದೆ. ಮಳೆ ಬಂದರೆ ರಾಶಿಯ ಅಂಚಿನ ಗಿಡಗಳೂ ಜಾರಿ ನೀರಿಗೆ ಇಳಿದು ಚಿಗುರುತ್ತವೆ. ಬೇಸಿಗೆಯಲ್ಲಿ ಒಣಗಿದರೆ ಬೆಂಕಿಯ ಭಯ. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಯಂಗಳಕ್ಕೆ ಬೆಂಕಿ ಬಿದ್ದಾಗ ನಂದಿಸಲು ಸೇನೆಯವರೂ ಬರಬೇಕಾಯಿತು, ನೆನಪಿರಬಹುದು.

ಯಂತ್ರ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಚಾಪೆ ಕೂಡಿಕೊಂಡ ಮೇಲೆ ನೀರೊಳಗೆ ಬೆಳಕಿಲ್ಲ, ಗಾಳಿಯಾಡುವುದಿಲ್ಲ, ಆಮ್ಲಜನಕ ಇಳಿದುಬಿಡುತ್ತದೆ. ನಮ್ಮ ಕೆರೆಯಲ್ಲಿ ಹರಿಗೋಲು ಹಾಕುವ ಒಬ್ಬರು ಹೇಳಿದ ಮಾತು: "ಬಲೆ ಬಿಡೋಕೇ ಆಗಲ್ಲ ಮೇಡಂ. ಬಿಟ್ರೂ ಎತ್ತುವಾಗ ಮೀನಿಗಿಂತ ಗಿಡದ ಬೇರೇ ಜಾಸ್ತಿ ಬರುತ್ತೆ." ಅವರ ಹೊಟ್ಟೆಪಾಡು ಹುಳುವಿನ ಮೂರು ತಿಂಗಳ ಲೆಕ್ಕಕ್ಕೆ ಕಾಯುವುದಿಲ್ಲ.

ಸೊಳ್ಳೆಯ ವಿಷಯವೂ ಇದೆ. ಮ್ಯಾನ್ಸೋನಿಯಾ ಅನ್ನುವ ಸೊಳ್ಳೆಯ ಮರಿ ಉಸಿರಾಡಲು ನೀರಿನ ಮೇಲಕ್ಕೆ ಬರುವುದೇ ಇಲ್ಲ. ತೇಲುವ ಗಿಡಗಳ ಬೇರಿಗೆ ತನ್ನ ಉಸಿರುಕೊಳವೆ ಚುಚ್ಚಿಕೊಂಡು, ಬೇರಿನೊಳಗಿನ ಗಾಳಿಯನ್ನೇ ಎಳೆಯುತ್ತದೆ. ಹಾಗಾಗಿ ನೀರಿನ ಮೇಲೆ ಎಣ್ಣೆ ಹಾಕಿದರೂ ಅದಕ್ಕೆ ತಾಗುವುದಿಲ್ಲ. ಕೇರಳದ ಚೇರ್ತಲ ಭಾಗದಲ್ಲಿ ಆನೆಕಾಲು ರೋಗ ಹರಡುತ್ತಿದ್ದದ್ದು ಈ ಸೊಳ್ಳೆಯಿಂದ. ಅಲ್ಲಿ ಮನೆಮನೆಗೂ ಕೊಳ, ಕೊಳದಲ್ಲಿ ತೆಂಗಿನ ಗೊಬ್ಬರಕ್ಕೆಂದು ಬೆಳೆಸುವ ತೇಲುಗಿಡ. ಎಂಬತ್ತರ ದಶಕದಲ್ಲಿ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದವರು ಅಲ್ಲಿಗೆ ಹೋದರು. ಗಿಡ ಕಿತ್ತುಹಾಕಿ ಅಂತ ಬರೀ ಭಾಷಣ ಮಾಡಲಿಲ್ಲ. ಕೊಳದಲ್ಲಿ ಮೀನು ಸಾಕಿ, ದುಡ್ಡು ಬರುತ್ತದೆ ಅಂದರು. ಮೀನಿನ ಆಸೆಗೆ ಜನ ತಾವೇ ಕೊಳ ಚೊಕ್ಕ ಇಟ್ಟುಕೊಂಡರು.

ನನಗೆ ಈ ಚೇರ್ತಲದ ಕಥೆ ಎಲ್ಲ ಯಂತ್ರ, ಎಲ್ಲ ಔಷಧಿಗಿಂತ ಮುಖ್ಯ ಅನ್ನಿಸುತ್ತದೆ. ನಮ್ಮ ಕಡೆಯ ಹಳೇ ಕೆರೆಗಳಿಗೂ ನೀರುಗಂಟಿ ಇದ್ದ, ತೂಬು ಎತ್ತುವುದು ಇಳಿಸುವುದು ಅವನ ಕೆಲಸ. ಕೆಳಗೆ ಗದ್ದೆ ಇತ್ತು. ಕೆರೆಯಲ್ಲಿ ಕಳೆ ಕಟ್ಟಿಕೊಂಡರೆ ಪೈರು ಒಣಗುತ್ತಿತ್ತು. ಈಗ ಅಚ್ಚುಕಟ್ಟಿನಲ್ಲಿ ಅಪಾರ್ಟ್‌ಮೆಂಟ್. ಕೆರೆಯ ನೀರು ಬೇಕಾದವರು ಮೀನು ಹಿಡಿಯುವ ನಾಲ್ಕು ಮನೆ, ಸೊಪ್ಪು ಬೆಳೆಯುವ ಹತ್ತು ಜನ. ಮಿಕ್ಕವರಿಗೆ ಬೇಕಾದ್ದು ಬಾಲ್ಕನಿಯಿಂದ ಕಾಣುವ ನೋಟ. ನನಗೂ ಅಷ್ಟೇ, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಔಷಧಿಯ ವಿಷಯ ಬೇಗ ಮುಗಿಸುತ್ತೇನೆ. 2,4-ಡಿ, ಗ್ಲೈಫೊಸೇಟ್ ಎರಡಕ್ಕೂ ಅಂತರಗಂಗೆ ಸಾಯುತ್ತದೆ. ಸತ್ತದ್ದು ಒಟ್ಟಿಗೇ ಮುಳುಗಿ ಕೊಳೆಯುತ್ತದೆ, ಇದ್ದ ಆಮ್ಲಜನಕವೂ ಹೋಗಿ ಮೀನು ಸಾಯುತ್ತದೆ. ಆ ನೀರಿನಲ್ಲೇ ಕೊತ್ತಂಬರಿ, ದಂಟಿನ ಸೊಪ್ಪು ಬೆಳೆದು ನಮ್ಮ ತಟ್ಟೆಗೆ ಬರುವ ಊರಿನಲ್ಲಿ ಇದು ಬೇಡ.

ಬುಟ್ಟಿ, ಚಾಪೆ, ಚಪ್ಪಲಿ, ಕಾಗದ, ಗೊಬ್ಬರ ಮಾಡಿದರಾಯಿತು ಅನ್ನುವವರೂ ಇದ್ದಾರೆ. ಬುಟ್ಟಿ ಚೆನ್ನಾಗಿರುತ್ತವೆ, ಹೆಂಗಸರಿಗೆ ನಾಲ್ಕು ಕಾಸು ಸಿಗುತ್ತದೆ, ಸಂತೋಷ. ಅದು ಕಸುಬು, ಕಳೆ ಹತೋಟಿ ಅಲ್ಲ. ಎಕರೆಗೆ 120 ಟನ್‌ನಲ್ಲಿ ಎಷ್ಟು ಬುಟ್ಟಿ ಹೆಣೆಯುತ್ತೀರಿ? ಇನ್ನು ಗೊಬ್ಬರ. ಈ ಗಿಡ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಏನಿದ್ದರೂ ಹೀರಿಕೊಳ್ಳುತ್ತದೆ. ಹಳ್ಳಿಯ ಕೆರೆಯದ್ದಾದರೆ ತಿಪ್ಪೆಗೆ ಹಾಕಿ. ಕಾರ್ಖಾನೆ ನೀರು ಸೇರುವ ನಗರದ ಕೆರೆಯದ್ದನ್ನು ಪರೀಕ್ಷೆ ಮಾಡಿಸದೆ ತರಕಾರಿಗೆ ಹಾಕಬಾರದು. ಬಾಂಗ್ಲಾದೇಶದ ತಗ್ಗು ಪ್ರದೇಶದಲ್ಲಿ ಅಂತರಗಂಗೆಯನ್ನೇ ಪೇರಿಸಿ ಅದರ ಮೇಲೆ ತೇಲುವ ತರಕಾರಿ ಮಡಿ ಮಾಡುತ್ತಾರೆ, ಅದು ನಿಜಕ್ಕೂ ಸೊಗಸು. ಅದೇ ಬಂಗಾಳದಲ್ಲಿ 1936ರಲ್ಲಿ ಈ ಗಿಡದ ವಿರುದ್ಧ ಕಾಯ್ದೆಯನ್ನೇ ತಂದಿದ್ದರು ಅನ್ನುವುದೂ ನಿಜ. ಅದಕ್ಕೂ ಮೊದಲು, 1921ರಲ್ಲಿ, ಇದರ ಬಗ್ಗೆ ವಿಚಾರಿಸಲು ಜಗದೀಶ ಚಂದ್ರ ಬೋಸರ ನೇತೃತ್ವದಲ್ಲಿ ಸಮಿತಿ ಮಾಡಿದ್ದರು. ಅಮೆರಿಕದವರು ಇನ್ನೂ ಒಂದು ಹೆಜ್ಜೆ ಮುಂದೆ. ಲೂಯಿಸಿಯಾನದ ಸಂಸದ ರಾಬರ್ಟ್ ಬ್ರೂಸಾರ್ಡ್ 1910ರಲ್ಲಿ ಆಫ್ರಿಕಾದಿಂದ ನೀರಾನೆ ತರಿಸುವ ಮಸೂದೆ ಮಂಡಿಸಿದ. ನೀರಾನೆ ಅಂತರಗಂಗೆ ತಿನ್ನುತ್ತದೆ, ಜನ ನೀರಾನೆಯನ್ನು ತಿನ್ನಬಹುದು, ಮಾಂಸದ ಕೊರತೆಯೂ ನೀಗುತ್ತದೆ ಅನ್ನುವ ಯೋಚನೆ. ಮಸೂದೆ ಪಾಸಾಗಲಿಲ್ಲ. ಆಗಿದ್ದರೆ ಇವತ್ತು ಅಲ್ಲಿಯವರು ನೀರಾನೆ ಹತೋಟಿ ಬಗ್ಗೆ ಬರೆಯುತ್ತಿದ್ದರು.

ಹೊರಗಿನಿಂದ ಹುಳು ತರುವುದೂ ಅಂಥದ್ದೇ ಹುಚ್ಚುತನವಲ್ಲವೇ ಅಂತ ನಮ್ಮ ಗುಂಪಿನ ಹಿರಿಯರೊಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ವ್ಯತ್ಯಾಸ ಇರುವುದು ಪರೀಕ್ಷೆಯಲ್ಲಿ. ಬಿಡುವ ಮೊದಲು ಹತ್ತಾರು ಬಗೆಯ ಬೇರೆ ಗಿಡಗಳ ಮೇಲೆ ಹುಳುವನ್ನು ಕೂಡಿಹಾಕಿ, ತಿನ್ನುತ್ತದಾ, ಮೊಟ್ಟೆಯಿಡುತ್ತದಾ ಅಂತ ನೋಡುತ್ತಾರೆ. ತನ್ನ ಗಿಡ ಸಿಗದಿದ್ದರೆ ಸಾಯುವ ಹುಳುವೇ ಬೇಕು. ನಂಬಿಕೆ ಬಾರದಿದ್ದರೆ ಮಳೆಗಾಲದಲ್ಲಿ ಖಾಲಿ ಸೈಟಿನ ಕಾಂಗ್ರೆಸ್ ಗಿಡ ನೋಡಿ. ಬಿಳಿ ಮೈ, ಕಂದು ಗೆರೆಯ ದುಂಡು ಹುಳು ಎಲೆಯನ್ನೆಲ್ಲ ಜರಡಿ ಮಾಡಿರುತ್ತದೆ. ಅದೂ ಮೆಕ್ಸಿಕೊದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲೇ ಮೊದಲು ಬಿಟ್ಟದ್ದು. ನಾವು ದಿನಾ ಅದರ ಪಕ್ಕದಲ್ಲೇ ನಡೆದುಹೋಗುತ್ತೇವೆ.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯ. ನಮ್ಮ ಕೆರೆಗಳಲ್ಲಿ ಯಂತ್ರಕ್ಕೂ ಹುಳುವಿಗೂ ಜಗಳ ಇದೆ. ಹುಳು, ಅದರ ಮೊಟ್ಟೆ, ಮರಿ, ಕೋಶ ಎಲ್ಲ ಇರುವುದು ಗಿಡದ ಮೈಯಲ್ಲೇ. ಯಂತ್ರ ಗಿಡ ಎತ್ತಿದಾಗ ಅವೂ ಟ್ರೇಲರ್ ಹತ್ತುತ್ತವೆ. ಉಳಿದ ನಾಲ್ಕು ಗಿಡ, ಹೂಳಿನಲ್ಲಿದ್ದ ಬೀಜ ವಾರದಲ್ಲಿ ಚಿಗುರುತ್ತವೆ. ಹುಳು ಮತ್ತೆ ಸಂಖ್ಯೆ ಕೂಡಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಅದು ಕೂಡಿಸಿಕೊಳ್ಳುವಷ್ಟರಲ್ಲಿ ಮುಂದಿನ ಟೆಂಡರ್ ಬಂದಿರುತ್ತದೆ. ಹುಳುವಿಗೆ ಗೆಲ್ಲಲು ಬೇಕಾದ ಒಂದೇ ಒಂದು ವಸ್ತು ಬಿಡುವು. ಅದನ್ನು ಮಾತ್ರ ನಾವು ಕೊಡುತ್ತಿಲ್ಲ. ಕೆಲಸ ಬಲ್ಲವರು ಹೇಳುವ ಪರಿಹಾರ ಸರಳ: ಒಂದು ಮೂಲೆಯಲ್ಲಿ ಒಂದಿಷ್ಟು ಕಳೆಯನ್ನು ಬೇಲಿ ಹಾಕಿ ಉಳಿಸಿ. ತೇಲುವ ಪೈಪು, ಹಗ್ಗ ಕಟ್ಟಿದರೂ ಸಾಕು. ಹುಳು ಅಲ್ಲಿ ಬದುಕಿರಲಿ. ಮಿಕ್ಕ ನೀರಿನಲ್ಲಿ ಹೊಸ ಗಿಡ ಬಂದ ಹಾಗೆ ಅಲ್ಲಿಂದ ಹೋಗಲಿ.

ಹೋದ ಬೇಸಿಗೆ ಟೆಂಡರಿಗೆ ಮೊದಲು ಇದನ್ನೇ ಪತ್ರದಲ್ಲಿ ಬರೆದುಕೊಂಡು ನಾವು ಕೆಲವರು ಸಂಬಂಧಪಟ್ಟ ಕಚೇರಿಗೆ ಹೋದೆವು. ಎಂಜಿನಿಯರ್ ಒಳ್ಳೆಯವರು, ಟೀ ತರಿಸಿದರು, ಪೂರ್ತಿ ಓದಿದರು. ಆಮೇಲೆ ಕೇಳಿದರು: "ಎಲ್ಲ ಸರಿ ಮೇಡಂ, ಬಿಲ್ ಹೇಗೆ ಮಾಡೋದು? ಎಷ್ಟು ಎಕರೆ ತೆಗೆದ್ರು ಅಂತ ಅಳತೆ ಹಾಕಿ ದುಡ್ಡು ಕೊಡ್ತೀವಿ. ಬಿಟ್ಟಿದ್ದಕ್ಕೆ ಕೊಡೋಕೆ ಐಟಂ ಇಲ್ಲ. ನಾಳೆ ಆಡಿಟ್‌ನಲ್ಲಿ, ಕಳೆ ಯಾಕೆ ಉಳಿಸಿದ್ರಿ ಅಂದ್ರೆ ನಾನೇನು ಹೇಳ್ಲಿ?"

ನಗು ಬಂತು. ಆದರೆ ಅವರು ಹೇಳಿದ್ದು ಸರಿ. ತೆಗೆದದ್ದಕ್ಕೆ ದರ ಇದೆ, ಕಾದದ್ದಕ್ಕೆ ಇಲ್ಲ. ಈ ಸಲ ನಾವು ಪತ್ರ ಬದಲಾಯಿಸಿದ್ದೇವೆ. ಮೂಲೆ ಬಿಡಿ ಅಂತ ಕೇಳುವ ಬದಲು "ಜೈವಿಕ ನಿಯಂತ್ರಣಕ್ಕೆ ತೇಲುಬೇಲಿ, ಇಷ್ಟು ಮೀಟರ್" ಅಂತ ಅಳತೆಗೆ ಸಿಗುವ ಒಂದು ಐಟಂ ಸೇರಿಸಿದ್ದೇವೆ. ಕಿತ್ತ ರಾಶಿಯನ್ನು ಕೆರೆಯ ಗಡಿಯಿಂದ ಹೊರಗೆ ಸಾಗಿಸಿದ ಮೇಲೆಯೇ ಬಿಲ್, ಅನ್ನುವುದು ಎರಡನೇದು. ಒಳಹರಿವಿನ ಬಾಯಲ್ಲಿ ತಿಂಗಳಿಗೊಮ್ಮೆ ಸಾರಜನಕ, ರಂಜಕದ ಪರೀಕ್ಷೆ ಮಾಡಿ ವರದಿಯನ್ನು ಕೆರೆಯ ಬೋರ್ಡಿನ ಮೇಲೆ ಅಂಟಿಸಬೇಕು ಅನ್ನುವುದು ಮೂರನೇದು. ಮೂರನೆಯದಕ್ಕೆ ಅವರು ಒಪ್ಪುವುದು ಕಷ್ಟ ಅಂತ ನನ್ನ ಅಂದಾಜು. ಅದಕ್ಕೇ ಅದನ್ನು ಪತ್ರದಲ್ಲಿ ಮೊದಲು ಬರೆದಿದ್ದೇವೆ.